ಗುದ್ದು ಕೇಳಿಸಿತು, ಹೆಸರು ಕೇಳಿಸಲಿಲ್ಲ

ರೇಡಿಯೋದಲ್ಲಿ ನನ್ನ ದನಿಯನ್ನು ಮನಸ್ಸಿಟ್ಟು ಕೇಳಿದ ಮೊದಲ ವ್ಯಕ್ತಿಗೆ ಹಲ್ಲಿರಲಿಲ್ಲ. ಹೆಸರೂ ಇರಲಿಲ್ಲ. ಹುಟ್ಟಿ ಮೂರು ತಿಂಗಳಾಗಿದ್ದರೂ ಎಲ್ಲರೂ ಅವಳನ್ನು ‘ಕೂಸು’ ಎಂದೇ ಕರೆಯುತ್ತಿದ್ದರು. ಈಗ ಅವಳು ಶಾಲೆಗೆ ಹೋಗುತ್ತಾಳೆ, ನಾನು ಓದುವುದರಲ್ಲಿ ತಪ್ಪು ಹುಡುಕುತ್ತಾಳೆ, ಬೈದರೆ ತಿರುಗಿ ಬೈಯುತ್ತಾಳೆ. ಆದರೂ ಈ ಕೆಲಸ ನಿನಗೆ ಕಲಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಅವಳ ಕಡೆಗೇ ಬೊಟ್ಟು ಮಾಡುತ್ತೇನೆ.

ಆಳಂದದ ಪೇಟೆಯಲ್ಲಿ, ಒಂದು ಹಳೆಯ ತೊಗರಿ ಗೋದಾಮಿನ ಮೇಲಂತಸ್ತಿನಲ್ಲಿ ನಮ್ಮ ಬಾನುಲಿ ಕೇಂದ್ರವಿತ್ತು. ಕೇಂದ್ರ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಎರಡು ಕೋಣೆ, ನಡುವೆ ಒಂದು ಗಾಜು, ಮುಂದೊಂದು ಪಡಸಾಲೆ. ಗಾಜಿನ ಆಚೆ ಯಂತ್ರ ನೋಡಿಕೊಳ್ಳುವವನು, ಈಚೆ ನಾನು. ಹೊರಗಿನ ಸದ್ದು ಒಳಗೆ ಬಾರದಿರಲಿ ಎಂದು ಗೋಡೆಗೆಲ್ಲ ಹಳೆಯ ಕೌದಿಗಳನ್ನು ಹೊಡೆದಿದ್ದರು. ಯಾರ್‍ಯಾರದೋ ಮನೆಯ ಸೀರೆ ಚೂರು, ಅಂಗಿ ಚೂರು ಸೇರಿಸಿ ಹೊಲಿದ ಕೌದಿಗಳ ನಡುವೆ ಕೂತು ನಾನು ‘ನಮಸ್ಕಾರ’ ಎನ್ನುತ್ತಿದ್ದೆ. ನಮ್ಮ ದನಿ ಒಂದು ಕಡೆ ಕಿಣ್ಣಿ ಸುಲ್ತಾನದವರೆಗೆ ಹೋಗುತ್ತಿತ್ತು. ಇನ್ನೊಂದು ಕಡೆ ಖಜೂರಿಯ ದಾರಿಯಲ್ಲಿ ಅರ್ಧಕ್ಕೆ ನಿಂತು, ಅಲ್ಲಿಂದ ಮುಂದೆ ಗಡಿಯಾಚೆಯ ಮರಾಠಿ ಹಾಡಿಗೆ ಜಾಗ ಬಿಡುತ್ತಿತ್ತು.

ನಾನು ಕಿಣ್ಣಿ ಸುಲ್ತಾನದವಳು. ಮನೆಯೊಳಗೆ ಅಮ್ಮಿಯ ಜೊತೆ ನಮ್ಮ ದಖನಿ, ಹೊಸ್ತಿಲು ದಾಟಿದರೆ ಕನ್ನಡ. ಎರಡರಲ್ಲೂ ನನ್ನ ಬಾಯಿ ಒಂದೇ ಸಮ ಜೋರು. ‘ಬಾಯಿ ಮುಚ್ಚು’ ಎಂದು ಅಮ್ಮಿ ನನಗೆ ಹೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಯಾರಿಗೂ ಹೇಳಿರಲಿಕ್ಕಿಲ್ಲ. ಪದವಿ ಮುಗಿಸಿ ಮನೆಯಲ್ಲಿ ಕೂತು ಎಲ್ಲರ ತಲೆ ತಿನ್ನುತ್ತಿದ್ದಾಗ ಈ ಕೇಂದ್ರದವರು ನಿರೂಪಕಿ ಬೇಕೆಂದರು. ದನಿ ಪರೀಕ್ಷೆಗೆ ಹೋದೆ, ಬಂದೆ, ಆಯ್ಕೆಯಾದೆ. ತಿಂಗಳ ಪಗಾರ ಉಂಟು ಎಂದಾಗ ಅಬ್ಬಾ ಹೊಲದಿಂದ ಬಂದವರು ಕೈಕಾಲು ತೊಳೆಯುವುದನ್ನೂ ಮರೆತು ನಿಂತರು.

“ಬಾತಾಂ ಕರ್ನೇ ಕು ಭೀ ಪಗಾರ ದೇತೇ ಕ್ಯಾ?” ಎಂದರು. ಮಾತಾಡುವುದಕ್ಕೂ ಸಂಬಳ ಕೊಡುತ್ತಾರೆ ಎಂಬುದು ಅವರಿಗೆ ನಂಬಿಕೆಗೆ ಬರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಪುಕ್ಕಟೆ ಹಂಚಿದ್ದನ್ನು ನೆನೆದು ಅಮ್ಮಿ ನಕ್ಕಳು.

ಆದರೆ ಮೈಕಿನ ಮುಂದೆ ಕೂತ ಮೊದಲ ದಿನವೇ ನನ್ನ ಆ ಜೋರು ಬಾಯಿ ಎಲ್ಲಿಗೋ ಓಡಿಹೋಯಿತು. ಕೆಂಪು ದೀಪ ಹತ್ತಿದ ಕೂಡಲೇ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಹವಾಮಾನ ಓದಿದರೂ, ಹಾಡಿನ ಹೆಸರು ಹೇಳಿದರೂ, ಶಾಲೆಯ ಪ್ರಾರ್ಥನೆ ಒಪ್ಪಿಸಿದಂತೆ ಒಂದೇ ರಾಗ. ಕೇಂದ್ರದ ಮುಖ್ಯಸ್ಥರು ಬೇರೆ ಊರುಗಳಲ್ಲಿ ವರ್ಷಗಟ್ಟಲೆ ರೇಡಿಯೋದಲ್ಲಿ ದುಡಿದು ಊರಿಗೆ ಮರಳಿದ್ದವರು. ಅವರನ್ನು ನಾವೆಲ್ಲ ‘ಸರ್’ ಎಂದು ಕರೆಯುತ್ತಿದ್ದೆವು. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಬರೀ ಕೇಳುತ್ತಿದ್ದರು.

“ಯಾರ ಜೋಡಿ ಮಾತಾಡಾಕತ್ತಿದಿ ಈಗ?”

“ಕೇಳುಗರ ಜೋಡಿ ಸರ್.”

“ಕೇಳುಗರು ಅಂದ್ರ ಯಾರು? ಸಂತ್ಯಾಗ ನಿಂತು ಕೂಗಿದಂಗ ಕೂಗಬ್ಯಾಡ. ಯಾರರೆ ಒಬ್ಬರನ್ನ ಹಿಡಿ. ಅವರೊಬ್ಬರಿಗೇ ಹೇಳು. ಮುಖ್ಯ ಮಾತಿದ್ದರ ನಿಧಾನಕ್ಕ ಹೇಳು, ಎರಡು ಸಲ ಹೇಳು. ಕೇಳಾಂವ ಕೈಯಾಗಿನ ಕೆಲಸ ಬಿಟ್ಟು ಕಿವಿ ಕೊಡಾಕ ಟೈಮ್ ಬೇಕಲ್ಲ.”

ಅಷ್ಟು ಹೇಳಿ, “ಯುಗಾದಿ ತನಕ ನೋಡೋಣ” ಎಂದರು. ಯುಗಾದಿ ಆದ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಅರ್ಥ. ನನಗೆ ತಿಳಿಯಿತು.

ಒಬ್ಬರನ್ನು ಹಿಡಿ ಎಂದರೆ ಯಾರನ್ನು ಹಿಡಿಯುವುದು? ಅಬ್ಬಾನನ್ನು ನೆನೆದರೆ ನಗು ಬರುತ್ತಿತ್ತು, ಅಮ್ಮಿಯನ್ನು ನೆನೆದರೆ ಬಾಯಿ ಮುಚ್ಚಿಹೋಗುತ್ತಿತ್ತು.

ನಮ್ಮ ಮೆಟ್ಟಿಲ ಕೆಳಗೆ ಒಬ್ಬ ಮುದುಕಿ ಚಹಾ ಮಾಡುತ್ತಿದ್ದಳು, ನಾವೆಲ್ಲ ಅವಳನ್ನು ‘ಆಯಿ’ ಎನ್ನುತ್ತಿದ್ದೆವು. ಕೇಂದ್ರದ ಕಸ ಗುಡಿಸುವುದು, ಬೀಗ ತೆಗೆಯುವುದು, ನಮಗೆ ಹೊತ್ತು ಹೊತ್ತಿಗೆ ಚಹಾ ತಲುಪಿಸುವುದು ಎಲ್ಲ ಅವಳದೇ. ಚಹಾಕ್ಕೆ ಅವಳು ಹಾಕುತ್ತಿದ್ದ ಸಕ್ಕರೆಯನ್ನು ನೋಡಿದರೆ ಹಲ್ಲು ತಾವಾಗಿಯೇ ನೋಯುತ್ತಿದ್ದವು. ಅವಳ ಮಗಳು ಹೆರಿಗೆಗೆಂದು ತವರಿಗೆ ಬಂದವಳು ಇನ್ನೂ ಇಲ್ಲೇ ಇದ್ದಳು. ತಾಯಿಗೆ ಕೈಯಾಸರೆಯಾಗಿ ಕಪ್ಪು ತೊಳೆಯುತ್ತ, ಕೂಸನ್ನು ಮೇಲೆ ನಮ್ಮ ಪಡಸಾಲೆಯಲ್ಲಿ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದಳು. ಅಲ್ಲಿ ನೆರಳು ಚೆನ್ನಾಗಿತ್ತು. ಜೋಲಿಯ ನೆತ್ತಿಯ ಮೇಲೆಯೇ ನಮ್ಮ ಕಾರ್ಯಕ್ರಮ ಕೇಳಿಸುವ ಒಂದು ಸ್ಪೀಕರ್ ಪೆಟ್ಟಿಗೆಯೂ ಇತ್ತು.

ಕೂಸು ಅಳುಬುರುಕಿ. ಹಾಡು ಹಾಕಿದರೆ ಅಳುವುದು, ಕೃಷಿ ಮಾಹಿತಿ ಹಾಕಿದರೆ ಇನ್ನೂ ಜೋರು ಅಳುವುದು. ಒಂದು ದಿನ ಗಾಜಿನಾಚೆಯಿಂದ ಯಂತ್ರದವನು ನನಗೆ ಕೈ ಮಾಡಿ ಪಡಸಾಲೆ ತೋರಿಸಿದ. ನಾನು ಮಾತಾಡುತ್ತಿದ್ದೆ, ಬಾಗಿಲ ಸಂದಿಯಲ್ಲಿ ಜೋಲಿ ಕಾಣುತ್ತಿತ್ತು. ಕೂಸು ಸುಮ್ಮನಾಗಿತ್ತು. ಮಾತು ಮುಗಿಸಿ ಹಾಡು ಹಾಕಿದೆ, ರಾಗ ಎಳೆಯಿತು. ಮತ್ತೆ ಮಾತಾಡಿದೆ, ಸುಮ್ಮನಾಯಿತು. ನನ್ನ ಪ್ರಾರ್ಥನೆಯ ರಾಗಕ್ಕೆ ನಿದ್ದೆ ಬಂದಿರಬೇಕು ಎಂದು ಯಂತ್ರದವನು ಗೇಲಿ ಮಾಡಿದ. ಮಾಡಲಿ. ಆವತ್ತಿನಿಂದ ನಾನು ಬಾಗಿಲನ್ನು ಒಂದಿಷ್ಟು ಓರೆ ಇಟ್ಟು, ಆ ಜೋಲಿಯನ್ನೇ ನೋಡುತ್ತ ಮಾತಾಡತೊಡಗಿದೆ. ‘ನಾಳೆ ಬಿಸಿಲು ಹೆಚ್ಚಿರುತ್ತದೆ’ ಎಂದು ಕೂಸಿಗೆ ಹೇಳಿದೆ. ‘ಈಗೊಂದು ಜನಪದ ಗೀತೆ’ ಎಂದು ಕೂಸಿಗೆ ಹೇಳಿದೆ. ನಾಲಿಗೆ ತಾನಾಗಿ ಸಡಿಲಾಯಿತು. ಸರ್ ಆ ಓರೆ ಬಾಗಿಲಲ್ಲಿ ತಲೆ ಹಾಕಿ, “ಹಾಂ, ಯಾರೋ ಸಿಕ್ಕಾರ ನಿನಗ” ಎಂದರು. ಆ ಕೂಸಿನ ಉಪಕಾರವನ್ನು ನಾನು ಹೇಗೆ ತೀರಿಸಲಿ ಎಂದು ಆಗ ಅನಿಸಿದ್ದು ಸುಳ್ಳಲ್ಲ.

ಇನ್ನು ಕೂಸಿಗೆ ಹೆಸರೇಕೆ ಇಟ್ಟಿರಲಿಲ್ಲ ಎಂಬ ಕತೆ. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೇ ಹೆಸರಿಡುವುದು. ತಂದೆಯ ಅಕ್ಕನೋ ತಂಗಿಯೋ, ಅಂದರೆ ಕೂಸಿನ ಅತ್ತೆ, ತೊಟ್ಟಿಲಿಗೆ ಬಗ್ಗಿ ‘ಕುರ್ರ್’ ಎಂದು ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕು. ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಪಧಪ ಗುದ್ದಬೇಕು. ಅತ್ತೆಯಾದವಳಿಗೆ ಆ ಗುದ್ದು ದೊಡ್ಡ ಮರ್ಯಾದೆ. ಈ ಕೂಸಿನ ತಂದೆಯ ಮನೆ ಜೇವರ್ಗಿ ಕಡೆಯ ಹಳ್ಳಿ. ತೊಟ್ಟಿಲಿಗೆ ಕರೆಯಲು ಆಯಿ ಕಾಯಿ, ಕುಂಕುಮ ಹಿಡಿದು ಅಲ್ಲಿಗೆ ಹೋಗಬೇಕಿತ್ತು. ಒಲೆ ಬಿಟ್ಟು ಅಷ್ಟು ದೂರ ಹೇಗೆ ಹೋಗಲಿ ಎಂದು ಫೋನ್ ಮಾಡಿದಳು. ಬೀಗಿತಿ ಅಂದದ್ದು ಇಷ್ಟು: “ಫೋನಿನ್ಯಾಗ ಕರದೀರಿ, ಹೌದಿಲ್ಲ? ನಾವೂ ಫೋನಿನ್ಯಾಗೇ ಬರ್ತೇವಿ.”

ಬರಲಿಲ್ಲ. ಆಯಿಯೂ ಬಗ್ಗಲಿಲ್ಲ. ಕೂಸಿನ ತಂದೆ ಲಾರಿ ಓಡಿಸುವವನು. ಖಜೂರಿಯ ದಾರಿಯಲ್ಲಿ ಹೋಗುವಾಗ ಇಳಿದು, ಮಗಳನ್ನು ಎತ್ತಿಕೊಂಡು, ತನ್ನ ತಾಯಿಗೂ ಆಯಿಗೂ ಒಂದು ಮಾತು ಹೇಳಲಾರದೆ ಮತ್ತೆ ಲಾರಿ ಹತ್ತುತ್ತಿದ್ದ. ಎರಡು ಹಠಮಾರಿ ಮುದುಕಿಯರ ನಡುವೆ ಕೂಸು ಹೆಸರಿಲ್ಲದೆ ಜೋಲಿಯಲ್ಲಿ ಬೆಳೆಯುತ್ತಿತ್ತು. ಅವರು ಬಾರದೆ ಹೆಸರಿಟ್ಟರೆ ಆ ಮನೆಯ ಬಾಗಿಲು ಮಗಳಿಗೆ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ಆಯಿಯದು. ಮಗಳು ಮಾತಾಡುತ್ತಲೇ ಇರಲಿಲ್ಲ. ಕಪ್ಪು ತೊಳೆಯುತ್ತಿದ್ದಳು.

ಯುಗಾದಿ ಹತ್ತಿರ ಬಂತು. ಸರ್ ನನಗೆ ಮೊದಲ ಸಲ ಒಂದು ಸ್ವಂತ ಕಾರ್ಯಕ್ರಮ ಕೊಟ್ಟರು. ಜೋಗುಳದ ಹಾಡುಗಳು, ನೇರ ಪ್ರಸಾರ. ಹಿರೋಳ್ಳಿಗೆ ನಮ್ಮ ದನಿ ಮುಟ್ಟುತ್ತಿರಲಿಲ್ಲ, ಆದರೆ ಅಲ್ಲಿ ಜೋಗುಳ ಹಾಡುವ ಹೆಂಗಸರ ಕೀರ್ತಿ ನಮಗೆ ಮುಟ್ಟಿತ್ತು. ನಾನೇ ಹೋಗಿ ಮಾತಾಡಿ ಒಪ್ಪಿಸಿ ಬಂದೆ. ಸರ್‌ಗೆ ಸದ್ದಿನ ಹುಚ್ಚು. “ಹಾಡಿನ ಕೆಳಗ ತೊಟ್ಟಲದ ಕಿರ್ರ್ ಅನ್ನೋ ಸಪ್ಪಳ ಬೇಕು” ಎಂದರು. ಪೇಟೆಯ ಬಡಗಿಯೊಬ್ಬರ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ತೊಟ್ಟಿಲನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದೆ. ಅದರ ಕಿರ್ರ್ ಸದ್ದು ಕೇಳಿ ಸರ್ ಕಣ್ಣು ಮುಚ್ಚಿ ತಲೆದೂಗಿದರು. ಎಷ್ಟೋ ಮಂದಿ ಹಾಡುಗಾರರಿಗೂ ಅವರು ಹಾಗೆ ತಲೆದೂಗಿದ್ದನ್ನು ನಾನು ಕಂಡಿರಲಿಲ್ಲ.

ಆವತ್ತು ಮಧ್ಯಾಹ್ನ ಹಿರೋಳ್ಳಿಯ ಐದು ಮಂದಿ ಹೆಂಗಸರು ಟಂಟಂ ಗಾಡಿಯಲ್ಲಿ ಬಂದಿಳಿದು, ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದರು. ಬಾಗಿಲಿಗೆ ಬಂದವರು ಹಾಗೇ ನಿಂತುಬಿಟ್ಟರು. ನಾನು ಒಳಗೆ ತೊಟ್ಟಿಲ ಹತ್ತಿರ ಮೈಕು ಹಿಡಿದು, ಸದ್ದು ಸರಿಯಾಗಿ ಬರುತ್ತದೋ ಇಲ್ಲವೋ ಎಂದು ತೂಗಿ ತೂಗಿ ನೋಡುತ್ತಿದ್ದೆ.

“ಏ, ಬಿಡ್ರಿ ಬೇ ಅದನ್ನ!” ಮುಂದೆ ನಿಂತ ಹಿರಿಯಾಕೆ ಚೀರಿದಳು. “ಖಾಲಿ ತೊಟ್ಟಲಾ ತೂಗ್ತಾರೇನ್ರಿ? ಯಾರ ಮನಿ ಕೂಸಿಗೆ ಕೇಡು ಬಯಸಾಕತ್ತೀರಿ?”

ನನ್ನ ಕೈ ತಟ್ಟನೆ ನಿಂತಿತು. ಖಾಲಿ ತೊಟ್ಟಿಲು ತೂಗಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ನಮ್ಮ ಅಮ್ಮಿಯೂ ಖಾಲಿ ಝೂಲಾ ಮುಟ್ಟಿದರೆ ಕೈಗೆ ಹೊಡೆಯುತ್ತಿದ್ದಳು. ಆದರೆ ರೇಡಿಯೋ ಸೇರಿದ ಕೆಲವೇ ತಿಂಗಳಲ್ಲಿ ನನ್ನ ಕಣ್ಣು ಕಿವಿಯೊಳಗೆ ಹೋಗಿತ್ತು. ಆವತ್ತು ನನ್ನ ಮುಂದೆ ಇದ್ದದ್ದು ತೊಟ್ಟಿಲು ಎಂದೇ ಅನಿಸಿರಲಿಲ್ಲ, ಒಂದು ಒಳ್ಳೆಯ ಸದ್ದು ಅನಿಸಿತ್ತು.

ಕೂಸಿಲ್ಲದ ತೊಟ್ಟಿಲ ಮುಂದೆ ಜೋಗುಳ ಹಾಡುವುದಿಲ್ಲ ಎಂದು ಐದೂ ಮಂದಿ ಪಟ್ಟು ಹಿಡಿದು ಕೂತರು. ತೊಟ್ಟಿಲು ಆಚೆ ಇಡುತ್ತೇನೆ ಎಂದೆ. ತೂಗಿದ್ದು ತೂಗಿಯಾಯಿತು, ಈಗ ಅದರಲ್ಲಿ ಕೂಸು ಮಲಗಿದರೇ ದೋಷ ಹೋಗುವುದು ಎಂದರು. ಗೊಂಬೆ ಇಡೋಣವೇ ಎಂದು ಯಂತ್ರದವನು ಕೇಳಿದ. ಅವನನ್ನು ಅವರು ನೋಡಿದ ನೋಟಕ್ಕೆ ಅವನು ಗಾಜಿನ ಹಿಂದೆ ಹೋಗಿ ಕೂತ. ಸರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಪ್ರಸಾರಕ್ಕೆ ಹೆಚ್ಚು ಹೊತ್ತಿರಲಿಲ್ಲ. ನನ್ನ ಯುಗಾದಿ ಆವತ್ತೇ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಪಡಸಾಲೆಯಲ್ಲಿ ಕೂಸು ಅತ್ತಿತು. ಐದೂ ತಲೆಗಳು ಒಟ್ಟಿಗೆ ಆ ಕಡೆ ಹೊರಳಿದವು.

“ಕೂಸು ಇಲ್ಲೇ ಅದಲ್ರಿ!” ಹಿರಿಯಾಕೆ ಎದ್ದಳು.

ಚಹಾ ತಂದಿದ್ದ ಆಯಿ ತಟ್ಟೆ ಕೆಳಗಿಟ್ಟು ಜೋಲಿಗೆ ಅಡ್ಡ ನಿಂತಳು. “ಹೆಸರಿಡಲಾರದ ಕೂಸಿಗೆ ತೊಟ್ಟಲಾ ತೋರಸಂಗಿಲ್ರಿ. ಹೆಸರಿಡಾಕ ಅತ್ತಿ ಬರಬೇಕು. ನಾವಾಗೇ ಇಟ್ಟೆವು ಅಂದ್ರ, ನಾಳಿಗಿ ಅವರು ‘ನಿಮಗ ನಾವು ಬ್ಯಾಡಾಗೇವಿ’ ಅಂತ ಕದಾ ಹಾಕ್ಕೋತಾರ.”

ಆಗ ಮಗಳು ಮಾತಾಡಿದಳು. ಆ ಮೂರು ತಿಂಗಳಲ್ಲಿ ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು.

“ಕದಾ ತೆಗೆದಿತ್ತೇನವ್ವಾ ಇಷ್ಟ ದಿನ? ಅವರು ಬರ್ತಾರಂತ ನೀ ಕಾಯಾಕತ್ತಿದಿ, ನೀ ಹೋಗ್ತಿದಿ ಅಂತ ಅವರು ಕಾಯಾಕತ್ತಾರ. ನನ್ನ ಮಗಳು ಯಾರನ್ನೂ ಕಾಯೂದು ಬ್ಯಾಡ. ಇವತ್ತೇ ಇಡ್ರಿ.”

“ಅತ್ತಿ ಯಾರಾಗ್ತಾರ?” ಹಿರಿಯಾಕೆ ಕೇಳಿದಳು.

ಕೂಸಿನ ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತೋರಿಸಿದಳು. “ಇವರ ದನಿ ಕೇಳಿದ್ರ ಸುಮ್ಮನಾಗ್ತದ. ಇವರೇ ಆಗ್ಲಿ.”

ಕೊರಳಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾನು ಪೆದ್ದಿಯ ಹಾಗೆ ನಿಂತಿದ್ದೆ. “ನಮ್ಮ ಮಂದ್ಯಾಗ ಅತ್ತಿಗೆ ಫುಪ್ಪು ಅಂತೇವ್ರಿ” ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೊಂದೇ.

“ಏನರೆ ಅನ್ನವಾ” ಎಂದಳು ಹಿರಿಯಾಕೆ. “ಬೆನ್ನು ಗಟ್ಟಿ ಅದ ಏನು ಅಷ್ಟು ಹೇಳು.”

ಆಯಿ ಮಗಳನ್ನು ಒಂದು ಗಳಿಗೆ ನೋಡಿದಳು. ನಂತರ ಕೆಳಗೆ ಇಳಿದುಹೋದಳು. ಸಿಟ್ಟು ಮಾಡಿಕೊಂಡು ಹೋದಳು ಎಂದುಕೊಂಡೆ. ಹಿಂದಿರುಗಿದಾಗ ಅವಳ ಕೈಯಲ್ಲಿ ಶುಂಠಿ ಜಜ್ಜುವ ಗುಂಡುಕಲ್ಲು ಇತ್ತು. ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವುದು ಪದ್ಧತಿ. ಗಟ್ಟಿಯಾಗಿ ಬದುಕಲಿ ಎಂದು. ತೊಳೆದು, ತನ್ನ ತಲೆವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಆದರೂ ಸ್ಟುಡಿಯೋ ತುಂಬ ಶುಂಠಿ ಘಮಘಮ ಎಂದಿತು.

ಕೆಂಪು ದೀಪ ಹತ್ತಿತು. ನಾನು ಏನು ಹೇಳಬೇಕೆಂದು ಬರೆದುಕೊಂಡ ಹಾಳೆ ಎಲ್ಲಿ ಬಿತ್ತೋ ಕಾಣೆ. “ನಮಸ್ಕಾರ. ಇವತ್ತು ನಮ್ಮ ಕೇಂದ್ರದಲ್ಲಿ ಒಂದು ತೊಟ್ಟಿಲಿದೆ, ತೊಟ್ಟಿಲಿಗೊಂದು ಕೂಸಿದೆ, ಕೂಸಿಗೆ ಇನ್ನೂ ಹೆಸರಿಲ್ಲ. ನೀವೂ ಬನ್ನಿ” ಎಂದೆ. ಹಿರೋಳ್ಳಿಯವರು ಹಾಡು ಎತ್ತಿದರು. ಕಲ್ಲು ಮಲಗಿತು, ಎದ್ದಿತು. ಕೂಸು ಮಲಗಿತು. ತೊಟ್ಟಿಲು ಕಿರ್ರ್ ಎಂದಿತು. ಎಂದೂ ಜೋಗುಳ ಕೇಳಿರದ ಹಾಗೆ ನನ್ನ ಎದೆ ತುಂಬಿ ಬಂತು. ಆ ಐದು ಗಂಟಲುಗಳಲ್ಲಿ ಒಂದೂ ಮೈಕಿಗಾಗಿ ಹಾಡುತ್ತಿರಲಿಲ್ಲ. ಎಲ್ಲ ಆ ಕೂಸಿಗಾಗಿಯೇ ಹಾಡುತ್ತಿದ್ದವು. ಸರ್ ತಿಂಗಳುಗಟ್ಟಲೆ ನನಗೆ ಹೇಳಿದ್ದನ್ನು ಅವರು ಯಾರೂ ಹೇಳದೆಯೇ ಮಾಡುತ್ತಿದ್ದರು.

ಹಾಡಿನ ನಡುವೆ ಕೂಸಿನ ತಾಯಿ ನನ್ನ ಕಿವಿಗೆ ಬಾಯಿಟ್ಟು ತನ್ನ ಮನಸ್ಸಿನಲ್ಲಿದ್ದ ಹೆಸರು ಹೇಳಿದಳು. ನಾನು ಬಗ್ಗಿದೆ. ಕೂಸು ನನ್ನ ಮುಖವನ್ನೇ ನೋಡುತ್ತಿತ್ತು. ಇಷ್ಟು ದಿನ ಪೆಟ್ಟಿಗೆಯೊಳಗಿಂದ ಬರುತ್ತಿದ್ದ ದನಿ ಇದೇ ಎಂದು ಅದಕ್ಕೆ ತಿಳಿಯಿತೋ ಏನೋ. ‘ಕುರ್ರ್’ ಎಂದೆ. ಹೆಸರು ಉಸುರಿದೆ. ಅಷ್ಟೇ. ಹಿಂದಿನಿಂದ ಐದು ಜೋಡಿ ಕೈಗಳು ನನ್ನ ಬೆನ್ನಿಗೆ ಬಿದ್ದವು. ಜೋಳದ ರೊಟ್ಟಿ ತಟ್ಟಿ ಪಳಗಿದ ಕೈಗಳು.

“ಅಮ್ಮೀ!” ಎಂದು ಚೀರಿದೆ. ಅದು ನಮ್ಮ ದನಿ ಮುಟ್ಟುವಲ್ಲೆಲ್ಲ ಕೇಳಿಸಿತು.

ಕಿಣ್ಣಿ ಸುಲ್ತಾನದಲ್ಲಿ ಅಮ್ಮಿ ರೇಡಿಯೋ ಹಚ್ಚಿಕೊಂಡು ತೊಗರಿ ಕೇರುತ್ತಿದ್ದಳಂತೆ. ಮಗಳನ್ನು ಯಾರೋ ಹಿಡಿದು ಬಡಿಯುತ್ತಿದ್ದಾರೆ ಎಂದು ಮೊರ ಎಸೆದು ಎದ್ದಳಂತೆ. ಕಾರ್ಯಕ್ರಮ ಮುಗಿದು ನಾನು ಹೊರಬಂದ ಕೂಡಲೇ ಅಬ್ಬಾನ ಫೋನು. “ಕೋನ್ ಮಾರೇ ತೆರೇ ಕು? ನಾ ಬರಾಕತ್ತೇನಿ ತಡಿ!” ನಿನಗೆ ಹೊಡೆದವರು ಯಾರು ಎಂದು ಎರಡೂ ಭಾಷೆ ಕಲಸಿ ಗುಡುಗುತ್ತಿದ್ದರು. ತೊಟ್ಟಿಲ ವಿಷಯ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಂತರ ಅಮ್ಮಿ ಫೋನು ಕಸಿದುಕೊಂಡು, ಫುಪ್ಪುವಾದವಳು ಬರಿಗೈಲಿ ಹೆಸರಿಡುತ್ತಾಳೇನೇ ಎಂದು ಬೈದಳು.

ಅಲ್ಲಿಂದ ಕೇಂದ್ರದ ಫೋನಿಗೆ ಪುರುಸೊತ್ತಿಲ್ಲ. ಎಲ್ಲರದೂ ಒಂದೇ ಪ್ರಶ್ನೆ. ಹಾಡು ಕೇಳಿಸಿತ್ತು, ಕಿರ್ರ್ ಕೇಳಿಸಿತ್ತು, ಗುದ್ದು ಕೇಳಿಸಿತ್ತು, ನಾನು ಚೀರಿದ್ದಂತೂ ಕೇಳಿಸಿತ್ತು. ಪಿಸುಗುಟ್ಟಿದ ಹೆಸರು ಮಾತ್ರ ಮೈಕಿಗೆ ಸಿಕ್ಕಿರಲಿಲ್ಲ. “ಹೆಸರೇನಿಟ್ರಿ?” ಎಂದು ಕೇಳುವವರೇ ಕೇಳುವವರು. ಮರುದಿನ ಹೆಸರು ಹೇಳಿಬಿಡು ಎಂದರು ಸರ್. ನಾನು ಕೂಸಿನ ತಾಯಿಯನ್ನು ಕೇಳಿದೆ. ಅವಳು ಕಪ್ಪು ತೊಳೆಯುತ್ತಲೇ ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ. ಕೇಳಬೇಕಾದವರು ಬಂದು ಕೇಳ್ಲಿ.” ಸರ್ ಅದನ್ನು ಒಪ್ಪಿದರು. ಹಾಗೆಯೇ ಹೊರಟವರು ತಿರುಗಿ, “ನಾಳಿಂದ ಮುಂಜಾನಿ ಪಾಳಿನೂ ನೀನೇ ನೋಡ್ಕೋ” ಎಂದರು. ನನ್ನ ಕೆಲಸ ಖಾಯಂ ಆದದ್ದು ಹೀಗೆ. ಬಡಗಿಯವರು ತೊಟ್ಟಿಲು ವಾಪಸು ತೆಗೆದುಕೊಳ್ಳಲಿಲ್ಲ. ಹೆಸರಿಟ್ಟ ತೊಟ್ಟಿಲನ್ನು ಯಾರಿಗೆ ಮಾರಲಿ ಎಂದು ಕೂಸಿಗೇ ಬಿಟ್ಟರು.

ನನಗೆ ಕೆಲಸವಾಯಿತು, ಸರಿ. ಕೂಸಿನ ಗತಿ? ಆ ಕಾರ್ಯಕ್ರಮದ ತುಣುಕನ್ನು ಯಾರೋ ಮೊಬೈಲಿಗೆ ಹಾಕಿದ್ದರು. ಅದು ಕೈಯಿಂದ ಕೈಗೆ ಅಫಜಲಪುರ, ಜೇವರ್ಗಿವರೆಗೂ ಹೋಗಿದೆ ಎಂದು ಕೂಸಿನ ತಂದೆ ಹೇಳಿದ. ನಮ್ಮವ್ವ ಕೇಳಿದಳು, ಕೇಳಿ ಏನೂ ಅನ್ನಲಿಲ್ಲ ಎಂದ. ಏನೂ ಅನ್ನಲಿಲ್ಲ ಎಂಬುದೇ ಆಯಿಗೆ ಹೆದರಿಕೆ ಹುಟ್ಟಿಸಿತು. ಆವತ್ತು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು. ನಾನು ಸುಮ್ಮನೆ ಕುಡಿದೆ. ನನ್ನ ಬೆನ್ನಿನಿಂದಲೇ ಒಂದು ಮನೆ ಒಡೆಯಿತೇನೋ ಎಂಬ ಹೆದರಿಕೆ ನನಗೂ ಇತ್ತು.

ಕೆಲವು ದಿನ ಕಳೆದು, ಒಂದು ಮುಂಜಾನೆ ನಾನು ಹಾಡು ಹಾಕಿ ಹೊರಗೆ ಬಂದರೆ ಮೆಟ್ಟಿಲ ಮೇಲೆ ಧಡಧಡ ಸದ್ದು. ದಪ್ಪನೆಯ ಹೆಂಗಸೊಬ್ಬಳು, ಕಂಕುಳಲ್ಲಿ ಚೀಲ, ಏದುಸಿರು.

“ಎಲ್ಲಿ ಅದಾಳ ಆಕಿ?”

“ಯಾರ್ರೀ?”

“ನನ್ನ ಗುದ್ದು ತಿಂದಾಕಿ!”

ಅವಳು ಕೂಸಿನ ಸ್ವಂತ ಅತ್ತೆ, ತಂದೆಯ ಅಕ್ಕ. ಅಫಜಲಪುರದ ಕಡೆ ಭೀಮೆಯ ದಂಡೆಯ ಊರಿಗೆ ಕೊಟ್ಟವಳು. ನಾನೇ ಎಂದು ಮೆಲ್ಲಗೆ ಕೈ ಎತ್ತಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇಷ್ಟು ತೆಳ್ಳನ ಬೆನ್ನಿಗೆ ಹಾಕ್ಯಾರಲ್ಲ ನನ್ನ ಗುದ್ದು! ಮೊಬೈಲಿನ್ಯಾಗ ಎಷ್ಟು ಸಲ ಕೇಳೀನಿ ಗೊತ್ತೇನು? ಕಿವಿಗೆ ಹಚ್ಕೊಂಡು ಕೇಳೀನಿ. ಗುದ್ದು ಕೇಳಸ್ತದ, ಹೆಸರು ಕೇಳಸವಲ್ದು. ನನ್ನ ತಮ್ಮನ ಮಗಳ ಹೆಸರು ನನಗೇ ಗೊತ್ತಿಲ್ಲ ಅಂದ್ರ ಹೆಂಗ ಬದುಕ್ಲಿ ನಾ?”

ಸದ್ದು ಕೇಳಿ ಆಯಿ ಮೇಲೆ ಬಂದಳು. ಕೈಯಲ್ಲಿ ಚಹಾ ಸೋಸುವ ಜಾಳಿಗೆ, ಮುಖ ಬಿಗಿ. “ಕರದಾಗ ಬರಲಿಲ್ಲ, ಈಗ ಬಂದ್ರೇನು?”

“ಫೋನಿನ್ಯಾಗ ಕರದ್ರ ಬರಂಗಿಲ್ಲ ಅಂದಾಕಿ ನಮ್ಮವ್ವ. ನನಗ ನೀವು ಕರದೇ ಇಲ್ಲ. ಅದಕ್ಕ ಬಂದೀನಿ.”

  ಕೂಸಿನ ತಾಯಿ ಕಪ್ಪು ಬಿಟ್ಟು ಬಂದು ನಾದಿನಿಯ ಕಿವಿಯಲ್ಲಿ ಹೆಸರು ಹೇಳಿದಳು. ಆ ದಪ್ಪ ಹೆಂಗಸು ಹೆಸರನ್ನು ಬಾಯಲ್ಲೇ ಎರಡು ಸಲ ಆಡಿಸಿ ನೋಡಿಕೊಂಡಳು. ಚೀಲದಿಂದ ಕೈಯಾರೆ ಹೊಲಿದ ಕುಂಚಿಗೆ ತೆಗೆದು ಕೂಸಿನ ತಲೆಗೆ ಹಾಕಿದಳು. ತೊಟ್ಟಿಲಿಗೆ ಬಗ್ಗಿ ‘ಕುರ್ರ್’ ಎಂದಳು. ಹೆಸರು ಉಸುರಿ ಹಾಗೇ ಬಗ್ಗಿಯೇ ಇದ್ದಳು. ಬೆನ್ನು ಕಾಯುತ್ತಿತ್ತು.

ಆಯಿ ಜಾಳಿಗೆ ಕೆಳಗಿಟ್ಟಳು. ಎರಡೂ ಕೈ ಎತ್ತಿ ಧಪ್ ಎಂದು ಗುದ್ದಿದಳು. ಮೂರು ತಿಂಗಳ ಸಿಟ್ಟೆಲ್ಲ ಆ ಗುದ್ದಿನಲ್ಲಿತ್ತು.

“ಇನ್ನೊಂದು ಹಾಕ್ರಿ” ಎಂದಳು ಅತ್ತೆ. ಅವಳು ಅಳುತ್ತಿದ್ದಳು. ಆಯಿಯೂ ಅತ್ತಳು. ಹಾಡು ಮುಗಿದು ಗಾಜಿನಾಚೆ ಯಂತ್ರದವನು ಕೈ ಬೀಸುತ್ತಿದ್ದ, ನನಗೆ ಕಣ್ಣು ಮಂಜಾಗಿ ಕಾಣಲಿಲ್ಲ.

ಅತ್ತೆ ನನ್ನ ಹಿಂದೆಯೇ ಸ್ಟುಡಿಯೋಕ್ಕೆ ನುಗ್ಗಿದಳು. “ಇದರಾಗ ನಾನೂ ಮಾತಾಡ್ಲೇನು?” ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಮೈಕಿಗೆ ಬಾಯಿ ಹಚ್ಚಿ ಕೂಗಿದಳು. “ಅವ್ವಾ! ಕೇಳಾಕತ್ತೀಯೇನು? ನಾ ಆಳಂದದಾಗ ಅದೀನಿ. ಕೂಸಿನ ಮುಂದ ಅದೀನಿ. ಮೂಗು ನಿಂದೇ ಅದ ಬೇ. ಹೆಸರು ನಾ ಹೇಳಂಗಿಲ್ಲ. ಬಂದು ಕೇಳು.”

ನಮ್ಮ ದನಿ ಜೇವರ್ಗಿಗೆ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಹೇಳಲಿಲ್ಲ. ಯಂತ್ರದವನು ಆ ಮಾತನ್ನು ಹಿಡಿದಿಟ್ಟುಕೊಂಡಿದ್ದ. ಅವಳದೇ ಮೊಬೈಲಿಗೆ ಹಾಕಿಕೊಟ್ಟ, ಅವಳು ಅಲ್ಲಿಯೇ ನಿಂತು ತಾಯಿಗೆ ಕಳಿಸಿದಳು.

ಇದೆಲ್ಲ ಆಗಿ ವರ್ಷಗಳಾದವು. ನಾನು ಈಗಲೂ ಅದೇ ಕೌದಿಗಳ ನಡುವೆ ಕೂತು ಮಾತಾಡುತ್ತೇನೆ. ಆ ಹುಡುಗಿಗೆ ಒಬ್ಬಳು ಅತ್ತಿ, ಒಬ್ಬಳು ಫುಪ್ಪು. ರಜೆಯಲ್ಲಿ ತಾಯಿಯ ಜೊತೆ ಆಳಂದಕ್ಕೆ ಬಂದರೆ ಗಾಜಿನಾಚೆ ನಿಂತು ನನ್ನನ್ನು ಅಣಕಿಸುತ್ತಾಳೆ. ಮಾತಾಡಿ ಉಣ್ಣುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ? ನನಗೆ ಸಿಕ್ಕಿತು. ಕಲಿಸಿದ ಸರ್‌ಗೆ, ಹಠ ಹಿಡಿದ ಹಿರೋಳ್ಳಿಯ ಐದು ಮಂದಿಗೆ, ಬಾಯಿ ಬಿಟ್ಟ ಆ ತಾಯಿಗೆ, ಎಲ್ಲರಿಗೂ ನಾನು ಋಣಿ. ಇಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಮಾತು ಗಾಳಿಗೆ ಬಿಟ್ಟೆನೋ ಲೆಕ್ಕವಿಲ್ಲ. ಅವುಗಳಲ್ಲಿ ನನಗೆ ಮರೆಯದ ಮಾತು ಗಾಳಿಗೇ ಹೋಗಲಿಲ್ಲ.

ಅತ್ತೆ ಬಂದ ಆ ದಿನವೇ ಸಂಜೆ, ಕೇಂದ್ರದ ಫೋನು ಮತ್ತೆ ಹೊಡೆದುಕೊಂಡಿತು. ಎತ್ತಿದೆ. ಇವರೂ ಹೆಸರು ಕೇಳುವವರೇ ಎಂದುಕೊಂಡು, ಹೇಳಲಾಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆ ಕಡೆ ಒಂದು ಹಳೆಯ, ಗಡಸು ದನಿ. ಹೆಸರು ಕೇಳಲಿಲ್ಲ. ತಾನು ಯಾರೆಂದು ಹೇಳಲೂ ಇಲ್ಲ.

“ಜೇವರ್ಗಿಯಿಂದ ಆಳಂದಕ್ಕ ಮುಂಜಾನಿ ಬಸ್ ಹೆಂಗ ಅದಾವ್ರಿ?” ಎಂದಿತು.

ಆಯಿ ನನ್ನ ಎದುರಿಗೇ ಕಪ್ಪು ಹಿಡಿದು ನಿಂತಿದ್ದಳು. ನಾನು ಅವಳನ್ನೇ ನೋಡುತ್ತ, ಸರ್ ಕಲಿಸಿದ ಹಾಗೆ, ನಿಧಾನಕ್ಕೆ ಹೇಳಿದೆ: ಕಲಬುರಗಿಗೆ ಬರ್ರಿ, ಅಲ್ಲಿ ಇಳಿದು ಆಳಂದದ ಬಸ್ ಹತ್ರಿ, ಇಲ್ಲಿ ನಿಮ್ಮನ್ನ ಕರ್ಕೊಂಡು ಬರಾಕ ನಿಲ್ದಾಣಕ್ಕ ನಾವೇ ಬರ್ತೇವಿ. ಆಮೇಲೆ ಅದನ್ನೇ ಇನ್ನೊಂದು ಸಲ ಹೇಳಿದೆ.